ತಬಲಜಿಯ ಮನೆಯ ಲೆಕ್ಕದ ಪುಸ್ತಕ: ಕಲಾಕಾಯಕವೋ, ನೌಕರಿಯೋ?

ಶ್ರಾವಣವೆಂದರೆ ನಮ್ಮ ಉತ್ತರ ಕರ್ನಾಟಕದ ಮಠಗಳಲ್ಲಿ ಪುರಾಣದ ಮಾಸ. ಸಂಜೆಯಾಗುತ್ತಲೇ ಹೊಲದಿಂದ ಬಂದ ರೈತರು ಕೈಕಾಲು ತೊಳೆದು ವಿಭೂತಿ ಧರಿಸಿ, ತಾಯಂದಿರು ಮಕ್ಕಳ ಕೈಹಿಡಿದು, ಮಠದ ಅಂಗಳದಲ್ಲಿ ಬಂದು ಕುಳಿತುಕೊಳ್ಳುತ್ತಾರೆ. ಪುರಾಣಿಕರು ಪದ್ಯದ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಗವಾಯಿಗಳು ಅದನ್ನು ರಾಗದಲ್ಲಿ ಕೂಡಿಸಿ ಹಾಡುತ್ತಾರೆ. ಅವರ ಬಲಕ್ಕೆ ತುಸು ಹಿಂದೆ ಸರಿದು ಕುಳಿತ ತಬಲಜಿ ತಲೆ ತಗ್ಗಿಸಿ ತಾಳ ಕೊಡುತ್ತಾನೆ. ತಿಂಗಳು ತುಂಬಿದ ಮೇಲೆ ಮಂಗಲದ ದಿನ ಪುರಾಣಿಕರ ಹೆಸರು ಎಲ್ಲರ ಬಾಯಲ್ಲಿರುತ್ತದೆ, ಗವಾಯಿಗಳ ಹೆಸರು ಅರ್ಧ ಊರಿಗೆ ಗೊತ್ತಿರುತ್ತದೆ. ತಬಲಜಿಯ ಹೆಸರನ್ನು ಕೇಳಿ ತಿಳಿದವರು ವಿರಳ.

೨೦೨೨ರ ಶ್ರಾವಣದಲ್ಲಿ ಇಂತಹ ಒಂದು ಮಂಗಲದ ರಾತ್ರಿ ಪ್ರಸಾದವಾದ ಬಳಿಕ, ಆ ತಬಲಜಿ ನಮ್ಮ ಬಳಿ ಬಂದು ಕುಳಿತರು. ಮೂವತ್ತೆರಡರ ಪ್ರಾಯ. ಗದಗಿನಲ್ಲಿ ಬಾಡಿಗೆಯ ಮನೆ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಜೇಬಿನಿಂದ ಮಡಚಿದ ಒಂದು ಪತ್ರವನ್ನು ತೆಗೆದು ನಮ್ಮ ಕೈಗಿತ್ತರು. ಎರಡು ತಾಸಿನ ಹಾದಿಯ ಒಂದು ವಸತಿ ಶಾಲೆಯವರು ಅವರನ್ನು ಸಂಗೀತ ಶಿಕ್ಷಕರನ್ನಾಗಿ ತೆಗೆದುಕೊಳ್ಳಲು ಒಪ್ಪಿ ಬರೆದ ಪತ್ರವದು. ವರ್ಷದ ಹನ್ನೆರಡು ತಿಂಗಳೂ ಸಂಬಳ. ಆದರೆ ವಾರಕ್ಕೆ ಆರು ದಿನ ಹಾಜರಿ ಕಡ್ಡಾಯ.

"ಸರ, ಇದನ್ನ ಹಿಡದ್ರ ಗವಾಯಿಗಳನ್ನ ಬಿಡಬೇಕಾಗ್ತದ. ಇದನ್ನ ಬಿಟ್ರ ಮನ್ಯಾಗ ಮಾರಿ ತೋರಸಾಕ ಆಗೂದಿಲ್ಲ. ಏನ್ ಮಾಡ್ಲಿ ಹೇಳ್ರಿ," ಎಂದರು.

ನಮಗೆ ಆ ರಾತ್ರಿ ಉತ್ತರ ಹೇಳಲಾಗಲಿಲ್ಲ. ಇಂದು ಈ ಲೇಖನವನ್ನು ಬರೆಯುವಾಗಲೂ, ಇಂತಹ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿದೆಯೆಂದು ನಾವು ಭಾವಿಸಿಲ್ಲ. ಆದರೆ ಆ ಮನೆಯವರು ಉತ್ತರವನ್ನು ಹುಡುಕಿಕೊಂಡ ಬಗೆ ನಮ್ಮ ಸಮಾಜದ ಅನೇಕ ಕಲಾವಿದರ ಮನೆಗಳಿಗೆ ದಾರಿ ತೋರಬಹುದೆಂಬ ನಂಬಿಕೆಯಿಂದ ಇದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಶರಣರಲ್ಲಿ ಕಲಾಕಾಯಕ

ಹಾಡುವುದು, ಬಾರಿಸುವುದು ಹೊಟ್ಟೆಪಾಡಿನ ವಿದ್ಯೆಯೇ ಹೊರತು ಗಂಭೀರವಾದ ಉದ್ಯೋಗವಲ್ಲವೆಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹೆಣ್ಣು ಕೊಡುವವರು, "ಹುಡುಗ ತಬಲಾ ಬಾರಿಸುತ್ತಾನೆ, ಅದು ಸರಿ, ಆದರೆ ಏನು ಮಾಡುತ್ತಾನೆ?" ಎಂದು ಕೇಳುತ್ತಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಢಕ್ಕೆಯನ್ನು ಬಾರಿಸುವುದೇ ಢಕ್ಕೆಯ ಬೊಮ್ಮಣ್ಣನವರ ಕಾಯಕವಾಗಿತ್ತು. ವೇಷ ತೊಟ್ಟು ಜನರ ಮುಂದೆ ಆಡಿ ತೋರಿಸುವುದು ಬಹುರೂಪಿ ಚೌಡಯ್ಯನವರ ಕಾಯಕವಾಗಿತ್ತು. ಅಕ್ಕಸಾಲಿಗ ವೃತ್ತಿಯಲ್ಲಿದ್ದ ಕಿನ್ನರಿ ಬ್ರಹ್ಮಯ್ಯನವರು ಅದನ್ನು ತೊರೆದು, ಕಿನ್ನರಿ ನುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡರೆಂದು ಪುರಾಣಗಳು ಹೇಳುತ್ತವೆ. ಬಂಗಾರದ ಕೆಲಸವನ್ನು ಬಿಟ್ಟು ತಂತಿವಾದ್ಯವನ್ನು ಹಿಡಿದ ಆ ಶರಣರು ಅನುಭವ ಮಂಟಪದಲ್ಲಿ ಯಾರಿಗಿಂತಲೂ ಕಿರಿಯರೆನಿಸಲಿಲ್ಲ. ಆದ್ದರಿಂದ ಕಲಾವಿದನು ಮಾಡುವುದು ಕಾಯಕ ಹೌದೋ ಅಲ್ಲವೋ ಎಂಬ ವಾದವನ್ನು ಶರಣರು ಎಂಟು ಶತಮಾನಗಳ ಹಿಂದೆಯೇ ಮುಗಿಸಿದ್ದಾರೆ. ಉಳಿದಿರುವ ಪ್ರಶ್ನೆ, ಆ ಕಾಯಕದಿಂದ ಸಂಸಾರವನ್ನು ನಡೆಸುವುದು ಹೇಗೆ ಎಂಬುದು.

ಹಿರಿಯರು ಕಂಡುಕೊಂಡ ಆಸರೆಗಳು

ಈ ಪ್ರಶ್ನೆ ಹೊಸದೂ ಅಲ್ಲ. ನಮ್ಮ ನಾಡಿನ ಹಿರಿಯ ಸಂಗೀತಗಾರರೆಲ್ಲ ಇದನ್ನು ಎದುರಿಸಿದವರೇ. ಹಾನಗಲ್ಲಿನ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಗದಗಿನಲ್ಲಿ ನೆಲೆನಿಲ್ಲುವ ಮುನ್ನ ಶಿಷ್ಯರ ಗುಂಪನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತಲೇ ಪಾಠ ಹೇಳಿದರು. ಅಂಧ, ಅನಾಥ ಮಕ್ಕಳ ಅನ್ನ ಮತ್ತು ವಿದ್ಯೆಯ ಭಾರವನ್ನು ಹೊತ್ತ ವೀರೇಶ್ವರ ಪುಣ್ಯಾಶ್ರಮವು ನಾಟಕ ಕಂಪನಿಯನ್ನೂ ನಡೆಸಿತು. ಅವರ ಬಳಿಕ ಪೀಠವನ್ನು ನಡೆಸಿದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಸ್ವತಃ ನಾಟಕಗಳನ್ನು ಬರೆದರು. ಭಕ್ತರು ಮಾಡಿದ ತುಲಾಭಾರಗಳ ಹಣ ಆಶ್ರಮದ ಮಕ್ಕಳ ದಾಸೋಹಕ್ಕೆ ಸಂದಿತು.

ಧಾರವಾಡದ ಬಳಿಯ ಮನಸೂರಿನಲ್ಲಿ ೧೯೧೦ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯ ನಟರಾಗಿದ್ದರು. ಮಿರಜಿನ ನೀಲಕಂಠಬುವಾ ಅವರಲ್ಲಿ, ಆಮೇಲೆ ಮಂಜೀಖಾನ್ ಮತ್ತು ಭೂರ್ಜಿಖಾನರಲ್ಲಿ ಕಲಿತರು. ಗ್ರಾಮಫೋನ್ ಕಂಪನಿಯ ಕೆಲಸ, ೧೯೫೦ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಸಲಹೆಗಾರಿಕೆ, ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಹೊಣೆ – ಇವೆಲ್ಲ ಅವರ ಬದುಕಿನಲ್ಲಿ ಬಂದುಹೋದವು. ೧೯೯೨ರಲ್ಲಿ ಪದ್ಮವಿಭೂಷಣ ಪಡೆದು ಅದೇ ವರ್ಷ ಶಿವೈಕ್ಯರಾದ ಆ ಮಹನೀಯರು, ಇಷ್ಟೆಲ್ಲದರ ನಡುವೆಯೂ ಸಾಧನೆಯನ್ನು ನಿಲ್ಲಿಸಲಿಲ್ಲ.

ಈ ಜೀವನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಅವರು ಕಛೇರಿಯ ಸಂಭಾವನೆಯೊಂದನ್ನೇ ನಂಬಿ ಬದುಕಲಿಲ್ಲ. ನಾಟಕ, ರೇಡಿಯೋ, ವಿಶ್ವವಿದ್ಯಾಲಯ, ಆಶ್ರಮ – ಒಂದಲ್ಲ ಒಂದು ಆಸರೆಯನ್ನು ಅವರು ಹಿಡಿದಿದ್ದರು. ಆಸರೆಯನ್ನು ಹಿಡಿಯುವುದು ಕಲೆಗೆ ಬಗೆಯುವ ದ್ರೋಹವೆಂದು ತಿಳಿಯುವ ಯುವಕರು ಇದನ್ನು ನೆನೆಯಬೇಕು. ಆಸರೆ ಸಿಕ್ಕ ಕೂಡಲೇ ವಾದ್ಯವನ್ನು ಅಟ್ಟಕ್ಕೇರಿಸುವವರೂ ಇದನ್ನು ನೆನೆಯಬೇಕು.

ಮನೆಯಾಕೆ ಬರೆದಿಟ್ಟ ಲೆಕ್ಕ

ಇನ್ನು ನಮ್ಮ ತಬಲಜಿಯ ಮನೆಗೆ ಬರೋಣ. ಮಂಗಲವಾಗಿ ಒಂದು ವಾರದ ಬಳಿಕ ನಾವು ಅವರ ಮನೆಗೆ ಹೋದಾಗ, ಆ ತಾಯಿ ಒಂದು ಹಳೆಯ ನೋಟುಬುಕ್ಕನ್ನು ತಂದು ನಮ್ಮ ಮುಂದಿಟ್ಟರು. ಹಿಂದಿನ ದೀಪಾವಳಿಯಿಂದ ಮೊದಲುಗೊಂಡು ಒಂದೊಂದು ದಿನವನ್ನೂ ಅದರಲ್ಲಿ ಗುರುತಿಸಿದ್ದರು. ಮುಗಿಯಲು ಎರಡು ತಿಂಗಳು ಉಳಿದಿದ್ದವು. ಬರಲಿದ್ದ ನವರಾತ್ರಿಯ ದೇವಿ ಪುರಾಣವನ್ನು ಮುಂಗಡವಾಗಿಯೇ ಬರೆದುಕೊಂಡಿದ್ದರು. ಶ್ರಾವಣದ ಪುರಾಣ ೩೦ ದಿನ, ಲಗ್ನದ ಕಾರ್ಯಕ್ರಮಗಳು ೨೪, ಜಾತ್ರೆ ಉತ್ಸವಗಳು ೧೭, ನವರಾತ್ರಿ ೯, ಭಜನೆ ಮತ್ತು ಶಾಸ್ತ್ರೀಯ ಸಂಗೀತದ ಕಛೇರಿಗಳು ಸೇರಿ ೧೧. ಒಟ್ಟು ೯೧ ದಿನ. ಅಂದರೆ ವರ್ಷದ ನಾಲ್ಕು ದಿನಗಳಲ್ಲಿ ಒಂದು ದಿನ ಮಾತ್ರ ಗಳಿಕೆ. ಆಷಾಢದಲ್ಲಿ ಒಂದೂ ಇಲ್ಲ, ಧನುರ್ಮಾಸದಲ್ಲಿ ಎರಡು.

ಬಸ್ಸಿನ ಖರ್ಚು, ತಬಲಾದ ಚರ್ಮ ಬದಲಿಸಿದ ಖರ್ಚು, ದಾರಿಯ ಊಟ – ಇವನ್ನೂ ಆಕೆ ಬಿಟ್ಟಿರಲಿಲ್ಲ. ಕೊನೆಯ ಪುಟದಲ್ಲಿ 'ಬರಬೇಕಾದದ್ದು' ಎಂಬ ತಲೆಬರಹದಡಿ ಹದಿಮೂರು ಕಾರ್ಯಕ್ರಮಗಳ ಹೆಸರಿದ್ದವು. "ನಾಳೆ ಕೊಡ್ತೀವಿ ಅಂದವ್ರು ಇವ್ರೆಲ್ಲಾ. ದೊಡ್ಡ ಮನಿಯವ್ರೂ ಅದಾರ, ದೇವರ ಕಮಿಟಿಯವ್ರೂ ಅದಾರ," ಎಂದು ಆಕೆ ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ.

ಆದರೆ ಆ ಪುಸ್ತಕದಲ್ಲಿ ನಮ್ಮನ್ನು ಹೆಚ್ಚಾಗಿ ತಡೆದು ನಿಲ್ಲಿಸಿದ್ದು ಹಣದ ಲೆಕ್ಕವಲ್ಲ. ಕೆಲವು ತಾರೀಖುಗಳ ಮಗ್ಗುಲಲ್ಲಿ ಪೆನ್ಸಿಲಿನ ಸಣ್ಣ ಚುಕ್ಕೆಗಳಿದ್ದವು. ಅವು ಪತಿ ಮನೆಯಲ್ಲಿ ಕುಳಿತು ರಿಯಾಜ್ ಮಾಡಿದ ದಿನಗಳು. ಲಗ್ನದ ಸುಗ್ಗಿಯಾದ ವೈಶಾಖ, ಜ್ಯೇಷ್ಠಗಳಲ್ಲಿ ಚುಕ್ಕೆಗಳೇ ಇರಲಿಲ್ಲ. ರಾತ್ರಿಯಿಡೀ ಸಿನಿಮಾ ಹಾಡಿಗೆ ಬಾರಿಸಿ ಬೆಳಿಗ್ಗೆ ಬಸ್ಸಿನಲ್ಲಿ ಮಲಗಿ ಬಂದವರಿಗೆ ವಿಲಂಬಿತ್ ಏಕತಾಲವನ್ನು ಸಾಧಿಸುವ ಶಕ್ತಿ ಎಲ್ಲಿಯದು? ಸಂಗೀತವನ್ನೇ ನಂಬಿ ಬದುಕುತ್ತಿದ್ದೇನೆಂದು ತಿಳಿದಿದ್ದ ಮನುಷ್ಯನಿಗೆ ಸಂಗೀತ ಕಲಿಯಲು ಸಮಯವಿರಲಿಲ್ಲ. ಸಂಗೀತದಿಂದ ಹೊಟ್ಟೆ ಹೊರೆಯುವುದು ಬೇರೆ, ಸಂಗೀತದಲ್ಲಿ ಬೆಳೆಯುವುದು ಬೇರೆ ಎಂಬುದನ್ನು ಆ ಪೆನ್ಸಿಲ್ ಚುಕ್ಕೆಗಳು ಯಾವ ಪಂಡಿತರಿಗಿಂತಲೂ ಚೆನ್ನಾಗಿ ಹೇಳಿದವು.

೨೦೨೦ ಮತ್ತು ೨೦೨೧ರ ಕೊರೊನಾ ಕಾಲದ ನೆನಪೂ ಆ ಮನೆಯಲ್ಲಿ ಮಾಸಿರಲಿಲ್ಲ. ಜಾತ್ರೆಗಳು ನಿಂತವು, ಲಗ್ನಗಳು ಮನೆಯೊಳಗೇ ಮುಗಿದವು, ಪುರಾಣಗಳು ನಡೆಯಲಿಲ್ಲ. ೨೦೨೧ರಲ್ಲಿ ರಾಜ್ಯ ಸರಕಾರ ಕಲಾವಿದರಿಗೆ ೩,೦೦೦ ರೂಪಾಯಿಗಳ ನೆರವನ್ನು ಘೋಷಿಸಿತು. ಆದರೆ ಸಂಕಷ್ಟ ತಿಂಗಳುಗಟ್ಟಲೆ ಇತ್ತು. ನಮ್ಮ ತಬಲಜಿ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊತ್ತರು. ದುಡಿಮೆಯಲ್ಲಿ ಮೇಲು ಕೀಳಿಲ್ಲವೆಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. ಆದರೆ ಎಂಟು ತಿಂಗಳ ಬಳಿಕ ತಬಲಾದ ಮುಂದೆ ಕುಳಿತಾಗ ಬೆರಳುಗಳು ಹಗುರಾಗಿ ಬೀಳಲಿಲ್ಲವೆಂದು ಹೇಳುವಾಗ ಅವರು ತಮ್ಮ ಕೈಗಳನ್ನೇ ನೋಡಿಕೊಂಡರು.

ಗವಾಯಿಗಳ ಮಾತು

ಹಾಗಾದರೆ ನೌಕರಿಯನ್ನು ಹಿಡಿಯಲು ಅಡ್ಡಿ ಏನು? ಅಡ್ಡಿಯಾಗಿದ್ದವರು ಗವಾಯಿಗಳು. ಅವರಿಗೆ ಕಣ್ಣಿಲ್ಲ. ಎಂಟು ವರ್ಷಗಳಿಂದ ಈ ತಬಲಜಿಯೇ ಅವರಿಗೆ ತಾಳ. ಬಸ್ಸು ಹತ್ತಿಸುವವನೂ, ಮೆಟ್ಟಿಲ ಬಳಿ ಕೈಹಿಡಿಯುವವನೂ ಅವನೇ. ಸಂಬಳದ ಪತ್ರವನ್ನು ಒಪ್ಪುವುದೆಂದರೆ ಆ ಕೈಯನ್ನು ಬಿಡುವುದು.

ತಬಲಜಿ ಅದನ್ನು ಅವರಿಂದ ಬಚ್ಚಿಟ್ಟಿದ್ದರು. ಕೊನೆಗೆ ಮನೆಯಾಕೆಯೇ ಹೋಗಿ ತಿಳಿಸಿದರು. ಗವಾಯಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತನ್ನು ಆಕೆ ನಮಗೆ ಹೇಳಿದರು: "ನಿನ್ನ ಗಂಡನಕಿಂತ ಮುಂಚೆ ಇಬ್ರು ಹುಡುಗ್ರು ನನ್ನ ಜೋಡಿ ಇದ್ರವ್ವಾ. ಒಬ್ಬ ಪೊಲೀಸಿಗೆ ಹೋದ, ಒಬ್ಬ ಅಂಗಡಿ ಇಟ್ಟ. ನನ್ನ ಬಿಟ್ರು ಅಂತ ನನಗ ದುಃಖಿಲ್ಲ. ಇಬ್ರೂ ತಬಲಾ ಮಾರಿದ್ರು, ಅದು ದುಃಖ. ಇವಂಗ ಹೋಗು ಅಂತ ಹೇಳು. ತಬಲಾ ಮಾರಬ್ಯಾಡ ಅಂತ ಹೇಳು."

ಈ ಮಾತಿನಿಂದ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ 'ಸಂಗೀತವೋ, ನೌಕರಿಯೋ' ಎಂದು ತೂಗುತ್ತಿದ್ದವರು, 'ಯಾವ ವ್ಯವಸ್ಥೆಯಲ್ಲಿ ತಬಲಾ ಉಳಿಯುತ್ತದೆ' ಎಂದು ತೂಗತೊಡಗಿದರು. ತಬಲಜಿ ಶಾಲೆಯವರ ಬಳಿ ಹೋಗಿ, ಪ್ರತಿವರ್ಷ ಶ್ರಾವಣದಲ್ಲಿ ಸಂಬಳವಿಲ್ಲದ ರಜೆ ಬೇಕೆಂದು ಕೇಳಿದರು. ಮೊದಲು ಆಗದೆಂದರು, ಎರಡನೆಯ ಸಲ ಹೋದಾಗ, ಸಂಬಳದಲ್ಲಿ ತುಸು ಕಡಿತದೊಂದಿಗೆ ಒಪ್ಪಿ ಪತ್ರದಲ್ಲಿ ಬರೆದುಕೊಟ್ಟರು. ಲಗ್ನದ ವಾದ್ಯಗೋಷ್ಠಿಗಳನ್ನು ತಬಲಜಿ ಪೂರ್ತಿಯಾಗಿ ಬಿಟ್ಟರು. ವರ್ಷದ ಉಳಿದ ತಿಂಗಳುಗಳಲ್ಲಿ ಗವಾಯಿಗಳೊಡನೆ ಹೋಗಲು ಹದಿನೆಂಟರ ಒಬ್ಬ ಹುಡುಗನನ್ನು ಸಿದ್ಧಗೊಳಿಸಿದರು. ಪ್ರತಿ ಭಾನುವಾರ ಅವನಿಗೆ ಪಾಠ ನಡೆಯುತ್ತದೆ.

ಇದಾಗಿ ಮೂರು ವರ್ಷಗಳು ಸಂದಿವೆ. ಎಲ್ಲವೂ ಸುಗಮವಾಗಿದೆಯೆಂದು ಬರೆದರೆ ಸುಳ್ಳಾಗುತ್ತದೆ. ಎರಡನೆಯ ವರ್ಷ ಶಾಲೆಯ ಸಂಬಳ ಎರಡು ತಿಂಗಳು ತಡವಾಯಿತು. ಆಕಾಶವಾಣಿಯ ಧ್ವನಿಪರೀಕ್ಷೆಗೆ ಒಮ್ಮೆ ಹೋಗಿ ತೇರ್ಗಡೆಯಾಗದೆ ಬಂದರು. ಹೊಸ ಹುಡುಗನ ಲಯ ಇನ್ನೂ ನಿಂತಿಲ್ಲವೆಂದು ಗವಾಯಿಗಳು ಗೊಣಗುತ್ತಾರೆ. ಆದರೆ ನೋಟುಬುಕ್ಕಿನಲ್ಲಿ ಚುಕ್ಕೆಗಳು ಹೆಚ್ಚಿವೆ. ಬೆಳಗಿನ ಐದಕ್ಕೆ ಆ ಮನೆಯಿಂದ ತಬಲಾದ ದನಿ ಕೇಳುತ್ತದೆ. ನಿರ್ಧಾರ ಸರಿಯಾಯಿತೋ ಇಲ್ಲವೋ ಎಂಬುದನ್ನು ಇನ್ನೂ ಹತ್ತು ವರ್ಷ ಕಳೆದ ಮೇಲೆ ಹೇಳಬೇಕು.

ಕಲಾವಿದರ ಮನೆಗಳಿಗೆ ನಾಲ್ಕು ಮಾತು

ಈ ಪ್ರಸಂಗದಿಂದ ನಾವು ಕಲಿತದ್ದನ್ನು ಇಲ್ಲಿ ಹೇಳುತ್ತೇವೆ. ಮೊದಲನೆಯದಾಗಿ, ಒಂದು ಪೂರ್ಣ ವರ್ಷದ ಲೆಕ್ಕವಿಲ್ಲದೆ ಯಾವ ನಿರ್ಧಾರವನ್ನೂ ಮಾಡಬಾರದು. ಸುಗ್ಗಿಯ ತಿಂಗಳಲ್ಲಿ ನೋಡಿದರೆ ಕಲೆಯಲ್ಲಿ ಬಂಗಾರವಿದೆಯೆನಿಸುತ್ತದೆ. ಆಷಾಢದಲ್ಲಿ ನೋಡಿದರೆ ಬೂದಿಯೂ ಇಲ್ಲವೆನಿಸುತ್ತದೆ. ಎರಡೂ ಸತ್ಯವಲ್ಲ. ಬಂದ ಹಣ, ಹೋದ ಹಣ, ಬರಬೇಕಾದ ಹಣ, ಅಭ್ಯಾಸ ಮಾಡಿದ ದಿನ – ಈ ನಾಲ್ಕನ್ನೂ ಬರೆದಿಡಬೇಕು.

ಎರಡನೆಯದಾಗಿ, ಎದುರಿಗೆ ಬಂದ ಪ್ರತಿಯೊಂದು ಕೆಲಸಕ್ಕೂ ಮೂರು ಪ್ರಶ್ನೆಗಳನ್ನು ಹಾಕಬೇಕು. ಇದು ಅಭ್ಯಾಸಕ್ಕೆ ಸಮಯವನ್ನು ಉಳಿಸುತ್ತದೆಯೇ? ನಮಗಿಂತ ಬಲ್ಲವರ ಸಂಗವನ್ನು ಉಳಿಸುತ್ತದೆಯೇ? ಮನೆಯವರ ನಿದ್ದೆಯನ್ನು ಉಳಿಸುತ್ತದೆಯೇ? ಮೂರಕ್ಕೂ 'ಹೌದು' ಎನ್ನುವ ಕೆಲಸ ಸಿಗುವುದು ಅಪರೂಪ. ಎರಡಕ್ಕೆ 'ಹೌದು' ಎಂದರೂ ಒಪ್ಪಬಹುದು. ಒಂದಕ್ಕೂ ಇಲ್ಲದಿದ್ದರೆ, ಹಣ ಎಷ್ಟೇ ಬಂದರೂ ಅದು ಕಲಾವಿದನನ್ನು ಬರಿದು ಮಾಡುತ್ತದೆ.

ಮೂರನೆಯದಾಗಿ, ವಿದ್ಯೆಗೆ ಪ್ರಮಾಣಪತ್ರದ ಅಗತ್ಯವಿಲ್ಲವೆಂಬ ಅಭಿಮಾನ ಬೇಡ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ವಿಶಾರದ, ಅಲಂಕಾರ ಪರೀಕ್ಷೆಗಳು, ವಿಶ್ವವಿದ್ಯಾಲಯಗಳ ಸಂಗೀತ ಪದವಿಗಳು, ಆಕಾಶವಾಣಿಯ ಶ್ರೇಣಿ – ಇವು ಶಾಲೆಗಳ ಹಾಗೂ ಸಂಸ್ಥೆಗಳ ಬಾಗಿಲನ್ನು ತೆರೆಯುತ್ತವೆ. ಗಾಯಕರಿಗೆ ಮಾತ್ರವಲ್ಲ, ವಾದ್ಯಗಾರರಿಗೂ ಆಕಾಶವಾಣಿಯಲ್ಲಿ ಶ್ರೇಣಿಯುಂಟು. ಬೆರಳಿನಲ್ಲಿ ಕಸುವಿರುವ ವಯಸ್ಸಿನಲ್ಲೇ ಇವನ್ನು ಸಂಪಾದಿಸಬೇಕು.

ನಾಲ್ಕನೆಯದಾಗಿ, ಮುಪ್ಪಿನ ಯೋಚನೆ. ಸಂಕಷ್ಟದಲ್ಲಿರುವ ವಯೋವೃದ್ಧ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ. ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ. ೨೦೧೫ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ ೧೮ರಿಂದ ೪೦ ವರ್ಷದೊಳಗಿನವರು ಸೇರಬಹುದು. ಕಟ್ಟುವ ಕಂತಿಗೆ ತಕ್ಕಂತೆ ೬೦ರ ನಂತರ ತಿಂಗಳಿಗೆ ೧,೦೦೦ದಿಂದ ೫,೦೦೦ ರೂಪಾಯಿಯವರೆಗೆ ಪಿಂಚಣಿ ದೊರೆಯುತ್ತದೆ. ಸಂಬಳದ ನೌಕರಿಯಿಲ್ಲದ ಕಲಾವಿದರು ಬ್ಯಾಂಕಿನಲ್ಲಿ ಇದನ್ನು ವಿಚಾರಿಸುವುದು ಲೇಸು.

ಕರೆಸುವವರ ಕರ್ತವ್ಯ

ಇಷ್ಟು ಕಲಾವಿದರಿಗಾಯಿತು. ಅವರನ್ನು ಕರೆಸುವ ನಾವು ನೀವು ಮಾಡಬೇಕಾದದ್ದೇನು? ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ತಾಯಿ ಅದನ್ನು ಮರಳಿಸಿ ಬರುವಂತೆ ಪತಿಗೆ ಹೇಳಿದರು. ದುಡಿದದ್ದಕ್ಕಿಂತ ಹೆಚ್ಚು ಒಯ್ಯಬಾರದೆಂಬ ಪಾಠವನ್ನು ನಾವು ಈ ಕಥೆಯಿಂದ ಕಲಿಯುತ್ತೇವೆ. ಆದರೆ ದುಡಿದವನಿಗೆ ಸಲ್ಲಬೇಕಾದದ್ದಕ್ಕಿಂತ ಕಡಿಮೆ ಕೊಡಬಾರದೆಂಬುದು ಅದೇ ಪಾಠದ ಇನ್ನೊಂದು ಮಗ್ಗುಲು. ಅದನ್ನು ನಾವು ಮರೆತಿದ್ದೇವೆ. ಮಂಟಪ ಕಟ್ಟಿದವನಿಗೆ, ಧ್ವನಿವರ್ಧಕದವನಿಗೆ, ಅಡುಗೆಯವನಿಗೆ ಅಂದೇ ಹಣ ಸಲ್ಲುತ್ತದೆ. ಹಾಡಿದವನಿಗೆ ಮಾತ್ರ ಶಾಲು, ಹಾರ, ಫಲ, ಹಣ ನಾಳೆ. ಇದು ಸೇವೆ, ಇದಕ್ಕೆ ಲೆಕ್ಕ ಕೇಳಬಾರದೆಂದು ಹೇಳಿ ಅವನ ಬಾಯಿ ಕಟ್ಟುತ್ತೇವೆ. ಸೇವೆ ಮಾಡುವ ಸಂಕಲ್ಪ ಹಾಡುವವನದಾಗಿರಬೇಕೇ ಹೊರತು, ಹಾಡಿಸಿಕೊಂಡವರು ಅದನ್ನು ಅವನ ಮೇಲೆ ಹೇರಲಾಗದು.

ಪುರಾಣ, ಜಾತ್ರೆ, ಲಗ್ನ, ಯಾವುದೇ ಇರಲಿ, ಕರೆಸುವ ದಿನವೇ ಸಂಭಾವನೆಯನ್ನು ಮಾತಾಡಿ ಗೊತ್ತುಮಾಡಿ. ಪ್ರಯಾಣದ ಖರ್ಚನ್ನು ಬೇರೆಯಾಗಿ ಕೊಡಿ. ತಬಲಜಿಯ ಪಾಲನ್ನು ಅವರ ಕೈಗೇ ಕೊಡಿ. ಕಾರ್ಯಕ್ರಮ ಮುಗಿದ ರಾತ್ರಿಯೇ ಲೆಕ್ಕ ತೀರಿಸಿ. ಕರಪತ್ರದಲ್ಲಿ ವಾದ್ಯಗಾರರ ಹೆಸರನ್ನೂ ಅಚ್ಚು ಹಾಕಿಸಿ. ಇವು ದೊಡ್ಡ ದಾನಗಳಲ್ಲ. ಆದರೆ ಇಷ್ಟು ನಡೆದರೆ ಎಷ್ಟೋ ಮನೆಗಳಲ್ಲಿ ತಬಲಾ ಅಟ್ಟಕ್ಕೇರುವುದು ತಪ್ಪುತ್ತದೆ.

ಈ ಲೇಖನವನ್ನು ಬರೆಯುವ ಮೊದಲು ಆ ತಾಯಿಯ ಒಪ್ಪಿಗೆ ಕೇಳಲು ಹೋಗಿದ್ದೆವು. ಹೆಸರು ಬೇಡವೆಂದರು. ನೋಟುಬುಕ್ಕಿನ ಕೊನೆಯ ಪುಟವನ್ನು ತೆರೆದು ತೋರಿಸಿದರು. ಆ ಹದಿಮೂರರಲ್ಲಿ ಒಂಬತ್ತು ಹೆಸರುಗಳ ಮೇಲೆ ಗೆರೆ ಎಳೆದಿತ್ತು. ನಾಲ್ಕು ಇನ್ನೂ ಹಾಗೆಯೇ ಇದ್ದವು. ಓದುಗ ಬಂಧುಗಳು ತಮ್ಮ ಮನೆಯ, ತಮ್ಮ ಊರಿನ ಹೆಸರು ಇಂತಹ ಯಾವುದಾದರೂ ಪುಸ್ತಕದ ಕೊನೆಯ ಪುಟದಲ್ಲಿ ಉಳಿದಿದೆಯೇ ಎಂದು ಒಮ್ಮೆ ನೆನೆದುಕೊಳ್ಳಲೆಂದು ವಿನಂತಿಸುತ್ತೇವೆ. ಉಳಿದಿದ್ದರೆ, ಬರುವ ಶ್ರಾವಣದೊಳಗೆ ಅದರ ಮೇಲೆ ಗೆರೆ ಬೀಳಲಿ.